ಇಲ್ಲದ ನಾಡಿನ ನಕ್ಷೆಯಿಂದ ಇರುವ ಸೀಮೆ ಕಲಿಯಬೇಕಾದ್ದು

ಇಲ್ಲದ ದೇಶವೊಂದರ ನಕ್ಷೆಯನ್ನು ದಶಕಗಟ್ಟಲೆ ಕೂತು ತಿದ್ದುವ ಜನರಿದ್ದಾರೆ. ಆ ದೇಶದ ಯಾವ ಬೆಟ್ಟದ ಬುಡದಲ್ಲಿ ಯಾವ ಹೊಳೆ ತಿರುಗುತ್ತದೆ, ಒಂದು ಪುಸ್ತಕದಲ್ಲಿ ಹೊಳೆಯ ಎಡದಂಡೆಯಲ್ಲಿದ್ದ ಊರು ಇನ್ನೊಂದರಲ್ಲಿ ಬಲದಂಡೆಗೆ ಹೇಗೆ ಬಂತು, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಅವರು ಪಟ್ಟುಹಿಡಿದು ವಾದ ಮಾಡುತ್ತಾರೆ. ಇದಕ್ಕೆ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಆ ದೇಶ ಹುಟ್ಟಿದ್ದು ಒಂದು ಆಟಕ್ಕಾಗಿ. ಹುಟ್ಟಿಸಿದ ಕಂಪನಿ ಕೈಬಿಟ್ಟ ಮೇಲೂ ಇವರು ಬಿಟ್ಟಿಲ್ಲ. ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಚರಿತ್ರೆ ಓದುವಾಗೆಲ್ಲ ನನಗೆ ಈ ಜನ ನೆನಪಾಗುತ್ತಾರೆ. ಇರುವ ನೆಲಕ್ಕೆ ಅಷ್ಟು ಅಕ್ಕರೆಯಿಂದ ಬರೆದ ನಕ್ಷೆಯನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ.

ನನ್ನ ವಾದ ಇಷ್ಟು: ಕಲ್ಪನೆಯ ನಾಡುಗಳಿಗೆ ಆಟದ ಅಭಿಮಾನಿಗಳು ಬಳಸುವ ಷಟ್ಕೋನ ನಕ್ಷೆಯ ಕ್ರಮವನ್ನು ನಾವು ಈ ಪಾಳೆಯಗಾರರ ಸೀಮೆಗೆ ತರಬೇಕು. ಆಟಕ್ಕೂ ತರಬೇಕು, ಚರಿತ್ರೆಗೂ ತರಬೇಕು. ದಾಖಲೆ ಯಾವುದು, ಊಹೆ ಯಾವುದು, ಕಟ್ಟಿದ ಕಥೆ ಯಾವುದು ಎಂದು ಬೇರೆಬೇರೆಯಾಗಿ ಇಡುವುದರಲ್ಲಿ ಅವರು ನಮ್ಮ ಸ್ಥಳೀಯ ಚರಿತ್ರೆ ಬರೆಯುವವರಿಗಿಂತ ಕಟ್ಟುನಿಟ್ಟಿನವರು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು ತಲಾ ಒಂದು ಪಾತ್ರ ವಹಿಸುತ್ತಾರೆ. ಒಬ್ಬ ಆಟ ನಡೆಸುತ್ತಾನೆ, ಎದುರಿಗೆ ಏನಿದೆ ಎಂದು ಅವನು ಹೇಳುತ್ತಾನೆ, ಏನು ಮಾಡುತ್ತೇವೆ ಎಂದು ಉಳಿದವರು ಹೇಳುತ್ತಾರೆ, ಅನುಮಾನವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಕೋಟೆಯೊಳಗಿನ ಸಾಹಸ ಮುಗಿದು ಬಯಲಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ: ಎಷ್ಟು ದೂರ ಬಂದೆವು, ಯಾವ ದಿಕ್ಕಿಗೆ, ರಾತ್ರಿ ಎಲ್ಲಿ ತಂಗಬೇಕು? ಅದಕ್ಕೆ ಆ ಮೊದಲ ಆವೃತ್ತಿ 1972ರ ‘ಔಟ್‌ಡೋರ್ ಸರ್ವೈವಲ್’ ಎಂಬ ಇನ್ನೊಂದು ಆಟದ ಹಲಗೆಯನ್ನು ಬಳಸಿ ಎಂದು ಸೂಚಿಸಿತು. ಆ ಹಲಗೆಯ ತುಂಬ ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳು.

ಚೌಕಾಬಾರದ ಹಾಗೆ ಚೌಕದ ಮನೆಗಳನ್ನು ಏಕೆ ಬಳಸಲಿಲ್ಲ? ಚೌಕದಲ್ಲಿ ಪಕ್ಕದ ಮನೆಗೆ ಹೋಗುವ ದೂರ ಒಂದಾದರೆ ಮೂಲೆಯ ಮನೆಗೆ ಹೋಗುವ ದೂರ ಅದರ 1.41 ಪಟ್ಟು. ಷಟ್ಕೋನದಲ್ಲಿ ಆರು ನೆರೆಮನೆಗಳ ನಡುಬಿಂದುಗಳೂ ಸಮದೂರದಲ್ಲಿವೆ. ದೇಶವನ್ನು ಕಾಲ್ನಡಿಗೆಯಲ್ಲಿ ಅಳೆಯುವವರಿಗೆ ಇದಕ್ಕಿಂತ ಸರಳವಾದ ಜಾಲ ಇಲ್ಲ. ಮನೆಗೊಂದು ನೆಲದ ಬಗೆ: ಬಯಲು, ಕಾಡು, ಗುಡ್ಡ, ಜೌಗು. ಬಯಲನ್ನು ಬೇಗ ದಾಟಬಹುದು, ಗುಡ್ಡಕ್ಕೆ ಹೆಚ್ಚು ಹೊತ್ತು. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಇಂಥ ನಾಡುಗಳಲ್ಲಿ ‘ಮಿಸ್ಟಾರಾ’ ಎಂಬುದರ ಕಥೆ ಹೇಳಬೇಕು. 1981ರಲ್ಲಿ ಡೇವಿಡ್ ಕುಕ್ ಮತ್ತು ಟಾಮ್ ಮೋಲ್ಡ್‌ವೇ ಬರೆದ ‘ದಿ ಐಲ್ ಆಫ್ ಡ್ರೆಡ್’ ಎಂಬ ಪುಸ್ತಿಕೆಯಲ್ಲಿ ಅದರ ನಕ್ಷೆ ಅಚ್ಚಾಯಿತು, ಒಂದೊಂದು ಮನೆ 24 ಮೈಲಿ. 1987ರಿಂದ ಒಂದೊಂದೇ ರಾಜ್ಯದ ‘ಗೆಝೆಟಿಯರ್’ಗಳು ಬಂದವು. ಅವುಗಳ ಮನೆ 8 ಮೈಲಿಯದು. ಹಳೆಯ ಒಂದು ಮನೆಯ ಜಾಗದಲ್ಲಿ ಈಗ ಸುಮಾರು ಒಂಬತ್ತು ಮನೆ ತುಂಬಬೇಕು. ಬರೆದವರು ಬೇರೆಬೇರೆ, ವರ್ಷಗಳು ಬೇರೆ, ಹೀಗಾಗಿ ನಕ್ಷೆಗಳು ಒಂದಕ್ಕೊಂದು ಹೊಂದಲಿಲ್ಲ. ಕರಾವಳಿ ಒಂದು ಕಡೆ ಒಳಸರಿಯಿತು, ಗಡಿ ಇನ್ನೊಂದು ಕಡೆ ಹಿಗ್ಗಿತು. ಪ್ರಕಟಿಸುತ್ತಿದ್ದ ಟಿಎಸ್ಆರ್ ಕಂಪನಿ 1997ರಲ್ಲಿ ಬೇರೆಯವರ ಪಾಲಾಯಿತು. ಅಷ್ಟರಲ್ಲಿ ಮಿಸ್ಟಾರಾದ ಹೊಸ ಪುಸ್ತಕಗಳು ನಿಂತುಹೋಗಿದ್ದವು.

ಅಭಿಮಾನಿಗಳು ಆಗ ಮಾಡಿದ ಕೆಲಸದ ಕ್ರಮವನ್ನು ಗಮನಿಸಿ. ಮೊದಲು ಅಚ್ಚಾದ ಪ್ರತಿ ನಕ್ಷೆಯನ್ನೂ ತಪ್ಪುಗಳ ಸಮೇತ, ಮನೆ ಮನೆಯಾಗಿ, ಇದ್ದದ್ದು ಇದ್ದಂತೆ ನಕಲು ಮಾಡಿದರು. ಆಮೇಲೆ ಪುಸ್ತಕಗಳನ್ನೆಲ್ಲ ಎದುರಿಟ್ಟುಕೊಂಡು ತಿದ್ದಿದ ನಕ್ಷೆಯನ್ನು ಬೇರೆಯಾಗಿ ಬರೆದರು. ಕೊನೆಗೆ, ಯಾವ ಪುಸ್ತಕವೂ ಹೇಳದ ಜಾಗಗಳನ್ನು ತಮ್ಮ ಊಹೆಯಿಂದ ತುಂಬಿ, ಇದು ನಮ್ಮದು ಎಂದು ಗುರುತು ಹಾಕಿದರು. ಮೂರೂ ಕಲಸಿಹೋಗದಂತೆ ನೋಡಿಕೊಂಡರು. ಸಂಶೋಧನೆಯಲ್ಲಿ ಗ್ರಂಥಸಂಪಾದನೆ ಎಂದು ನಾವು ಗೌರವದಿಂದ ಕರೆಯುವ ಕೆಲಸ ಇದೇ. ಹಸ್ತಪ್ರತಿಯ ಪಾಠ, ಸಂಪಾದಕನ ತಿದ್ದುಪಡಿ, ಅವನ ಟಿಪ್ಪಣಿ ಒಂದೇ ಸಾಲಿನಲ್ಲಿ ಬೆರೆಯಬಾರದು ಎಂಬ ನಿಯಮವನ್ನು ಇವರು ಪ್ರೀತಿಯಿಂದಲೇ ಕಂಡುಕೊಂಡರು.

ಓದುಗರೇ ನಕ್ಷೆ ಬರೆಯುವುದು ನಮಗೂ ಪೂರ್ತಿ ಹೊಸದಲ್ಲ. ಮೈಸೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಕಟ್ಟಿದ ಮಾಲ್ಗುಡಿಗೆ ಅವರ ಕಾದಂಬರಿಗಳ ವಿವರಗಳನ್ನೇ ಜೋಡಿಸಿ ಅಮೆರಿಕದ ವಿದ್ವಾಂಸ ಜೇಮ್ಸ್ ಫೆನ್ನೆಲಿ ನಕ್ಷೆ ಬರೆದರು. ಮಾಲ್ಗುಡಿ ಒಂದು ಊರು, ಬೀದಿ ಬೀದಿಯಾಗಿ ಬರೆದರೆ ಸಾಕು. ಸೀಮೆಯೊಂದಕ್ಕೆ ಬೇರೆ ಅಳತೆ ಬೇಕು.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿನ ನೆಲಕ್ಕೆ ನಕ್ಷೆ ಇಲ್ಲವೆಂದಲ್ಲ. ಗ್ರಾಮ ನಕ್ಷೆ ಇದೆ, ಟಿಪ್ಪಣಿ ಇದೆ, ಆಕಾರ್‌ಬಂದ್ ಇದೆ, ಈಗ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್ ಕೂಡ ಇದೆ. ಸರಪಳಿಯ ಉದ್ದ 33 ಅಡಿ, 33 ಅಡಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಈ ಅಳತೆಯ ಜಾಲದಲ್ಲಿ ಒಂದು ಅಡಿ ನೆಲವೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಈ ನಕ್ಷೆಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: ಈ ನೆಲ ಯಾರದು? ಆಟದ ನಕ್ಷೆಯ ಪ್ರಶ್ನೆ ಬೇರೆ. ಇಲ್ಲಿಂದ ಹೊರಟರೆ ಅಲ್ಲಿಗೆ ಯಾವಾಗ ಮುಟ್ಟುತ್ತೇವೆ, ದಾರಿಯಲ್ಲಿ ಏನು ಎದುರಾಗುತ್ತದೆ, ನೀರು ಎಲ್ಲಿ ಸಿಗುತ್ತದೆ? ದಂಡು ಕಳಿಸುವವನೂ, ಎತ್ತಿನ ಮೇಲೆ ಉಪ್ಪು ಹೇರಿ ಹೊರಟವನೂ, ಕುರಿಮಂದೆ ಹೊಡೆದುಕೊಂಡು ಹೋಗುವವನೂ ಕೇಳಿದ್ದು ಇದನ್ನೇ. ಈ ಸೀಮೆಯ ಕೋಟೆಗಳು ಎಲ್ಲೆಲ್ಲಿ ಎದ್ದವು ಎಂಬುದಕ್ಕೂ ಉತ್ತರ ಇದರಲ್ಲಿದೆ, ಸರ್ವೆ ನಂಬರಿನಲ್ಲಿ ಇಲ್ಲ.

ಅಳತೆಗೆ ಮೈಲಿಯನ್ನು ಎರವಲು ತರಬೇಕಾಗಿಲ್ಲ. ನಮ್ಮ ಹಿರಿಯರು ನಡೆದದ್ದು ಹರದಾರಿಯಲ್ಲಿ. ಒಂದು ಹರದಾರಿ ಹೆಚ್ಚುಕಡಿಮೆ ಮೂರು ಮೈಲಿ, ಅಂದರೆ ಐದು ಕಿಲೋಮೀಟರಿನಷ್ಟು. ಮನೆಯೊಂದಕ್ಕೆ ಒಂದು ಹರದಾರಿ ಇಟ್ಟರೆ ಅದರ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್ ಆಗುತ್ತದೆ. ನೇರ ಗೆರೆ ಎಳೆದರೆ ಮಧುಗಿರಿಯಿಂದ ಕೊರಟಗೆರೆ 15 ಕಿಲೋಮೀಟರಿನ ಆಸುಪಾಸು, ಶಿರಾ 35ರ ಆಸುಪಾಸು, ಪಾವಗಡ 50ರ ಆಸುಪಾಸು. ಅಂದರೆ ಮೂರು ಮನೆ, ಏಳು ಮನೆ, ಹತ್ತು ಮನೆ. ಕೊರಟಗೆರೆಗೆ ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತಾನೆ. ಶಿರಾಕ್ಕೆ ಗಟ್ಟಿ ಕಾಲಿನವನಿಗೂ ಪೂರ್ತಿ ಒಂದು ಹಗಲು ಬೇಕು. ಪಾವಗಡಕ್ಕೆ ಹೋಗುವವನು ದಾರಿಯಲ್ಲಿ ಒಂದು ರಾತ್ರಿ ತಂಗಲೇಬೇಕು. ಮಧುಗಿರಿಯ ಒಡೆಯನಿಗೆ ಕೊರಟಗೆರೆ ಕೈಯಳತೆಯಲ್ಲೂ ಪಾವಗಡ ದೂರದಲ್ಲೂ ಇತ್ತು ಎಂಬುದು ಈ ಮೂರು ಅಂಕಿಗಳಿಂದಲೇ ಕಾಣುತ್ತದೆ. ಬಸ್ಸಿನ ವೇಳಾಪಟ್ಟಿ ನೋಡಿ ಬೆಳೆದ ನಮಗೆ ಅದು ಮರೆತುಹೋಗಿದೆ.

ಮಧುಗಿರಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 3,930 ಅಡಿ, ಊರಿನ ನೆಲದಿಂದ 400 ಮೀಟರಿನಷ್ಟು ಮೇಲೆ. ಬುಡದಲ್ಲಿ ಅಗಲವಾದ ಮೆಟ್ಟಿಲು, ಅಲ್ಲಿಂದ ಬಾಗಿಲಿನ ಮೇಲೆ ಬಾಗಿಲು. ಅರ್ಧ ದಾಟಿದ ಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ. ಪಾದ ಊರುವಷ್ಟು ಮಾತ್ರ ಕಡಿದ ಗುಳಿಗಳಲ್ಲಿ ಹತ್ತಬೇಕು, ಬಗಲಲ್ಲಿ ಹಿಡಿಯಲು ಕಬ್ಬಿಣದ ಕಂಬಿ. ಮಳೆ ಬಂದರೆ ಆ ಬಂಡೆ ಯಾರನ್ನೂ ಹತ್ತಗೊಡುವುದಿಲ್ಲ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ಕಣಜಗಳು. ಅಷ್ಟೆತ್ತರದಿಂದ ಬಯಲಿನ ದಿಗಂತ ಲೆಕ್ಕದ ಪ್ರಕಾರ 70 ಕಿಲೋಮೀಟರಿನಾಚೆಗಿದೆ. ಹವೆ ತಿಳಿಯಾಗಿದ್ದ ದಿನ ಚನ್ನರಾಯನದುರ್ಗ, ಮಿಡಿಗೇಶಿಗಳ ಬೆಟ್ಟಗಳಷ್ಟೇ ಅಲ್ಲ, ಹತ್ತು ಮನೆ ಆಚೆಗಿನ ಪಾವಗಡವೂ ಕಣ್ಣಿನ ಎಟುಕಿನೊಳಗೆ ಬರಬೇಕು. ಕಾಲಿಗೆ ಎರಡು ದಿನ, ಕಣ್ಣಿಗೆ ಒಂದು ಕ್ಷಣ. ಕೋಟೆಯ ಮೇಲೆ ಹಚ್ಚಿದ ಬೆಂಕಿ ಓಲೆಕಾರನಿಗಿಂತ ಮೊದಲು ಮುಟ್ಟುವ ಇಂಥ ಸೀಮೆಯನ್ನು ಆಟಗಾರರು ಕಲ್ಪಿಸಿಕೊಳ್ಳಲು ಹೆಣಗುತ್ತಾರೆ. ನಮಗೆ ಅದು ತಾನಾಗಿ ಒದಗಿದೆ. ಪಾಳೆಯಗಾರರ ರಾಜಕಾರಣ ನಡೆದದ್ದು ಕಣ್ಣಿನ ದೂರ ಮತ್ತು ಕಾಲಿನ ದೂರಗಳ ನಡುವಿನ ಈ ಅಂತರದಲ್ಲೇ ಎಂದು ನಾನು ನಂಬುತ್ತೇನೆ.

ತೊಡಕು ಶುರುವಾಗುವುದು ಬಣ್ಣ ಹಚ್ಚುವಾಗ. ಆಟದ ನಕ್ಷೆಗಳಲ್ಲಿ ರಾಜ್ಯಕ್ಕೊಂದು ಬಣ್ಣ, ಗಡಿಗೊಂದು ಗೆರೆ. ಆ ಪದ್ಧತಿ ಇಲ್ಲಿ ಸೋಲುತ್ತದೆ. ಶಿರಾವನ್ನೇ ತೆಗೆದುಕೊಳ್ಳಿ. ಊರನ್ನು ಕಟ್ಟಿದವನು ರತ್ನಗಿರಿಯ ರಂಗಪ್ಪನಾಯಕ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಅದನ್ನು ಗೆದ್ದ. 1687ರಲ್ಲಿ ಮೊಗಲರು ಬಂದು ಅದನ್ನು ಏಳು ಪರಗಣಗಳ ಸುಬಾದ ರಾಜಧಾನಿ ಮಾಡಿದರು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಚಿತ್ರದುರ್ಗ, ಬಿದನೂರು, ಹರಪನಹಳ್ಳಿ, ಮೈಸೂರುಗಳು ಈ ಸುಬಾಕ್ಕೆ ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಅತ್ತ ಮಧುಗಿರಿಯನ್ನು ಚಿಕ್ಕದೇವರಾಜ ಒಡೆಯರ ದಂಡು 1678ರಲ್ಲೇ ಗೆದ್ದುಕೊಂಡಿತ್ತು. ಒಂದು ಹಳ್ಳಿಯ ರೈತ ಗೌಡನಿಗೆ ಕೊಟ್ಟ, ಗೌಡ ಪಾಳೆಯಗಾರನಿಗೆ, ಪಾಳೆಯಗಾರ ಶಿರಾದ ಫೌಜುದಾರನಿಗೆ, ನಡುವೆ ಮರಾಠರು ಬಂದರೆ ಚೌತಾಯಿ. ಆ ಹಳ್ಳಿಯ ಮನೆಗೆ ಯಾವ ಬಣ್ಣ ಹಚ್ಚುತ್ತೀರಿ? ಬಣ್ಣದ ಬದಲು ಬಾಣದ ಗುರುತು ಹಾಕಿ, ಯಾರು ಯಾರಿಗೆ ಕೊಡುತ್ತಾರೆ ಎಂದು ತೋರಿಸುವುದೇ ಸರಿ. ಇದು ಯುರೋಪಿನ ರಾಜ್ಯಗಳ ಮಾದರಿಯಲ್ಲಿ ಬೆಳೆದ ಆಟದ ನಕ್ಷೆಗೆ ನಮ್ಮ ಸೀಮೆ ಕಲಿಸಬಹುದಾದ ಪಾಠ.

ಇನ್ನೊಂದು ತೊಡಕು ಕಾಲದ್ದು. ಶಿರಾ 1757ರಲ್ಲಿ ಮರಾಠರ ವಶವಾಯಿತು. ಎರಡು ವರ್ಷದ ಮೇಲೆ ಒಪ್ಪಂದದಂತೆ ಮರಳಿತು. 1761ರಲ್ಲಿ ಬಸಾಲತ್ ಜಂಗನ ಜೊತೆಗೂಡಿ ಹೈದರಾಲಿ ಅದನ್ನು ಗೆದ್ದ, ಶಿರಾದ ನವಾಬ ಎಂಬ ಬಿರುದನ್ನೂ ಪಡೆದ. 1766ರಲ್ಲಿ ಹೈದರನ ಭಾವಮೈದುನ ಮೀರ್ ಸಾಹೇಬ ಪಕ್ಷ ಬದಲಿಸಿದ್ದರಿಂದ ಮತ್ತೆ ಮರಾಠರ ಕೈಸೇರಿತು. 1774ರಲ್ಲಿ ಟಿಪ್ಪು ಮರಳಿ ಹಿಡಿದ. ಹದಿನೇಳು ವರ್ಷದಲ್ಲಿ ಐದು ಸಲ ಕೈ ಬದಲು. ‘ಪಾಳೆಯಗಾರರ ಕಾಲದ ನಕ್ಷೆ’ ಎಂದು ಒಟ್ಟಾರೆ ಬರೆದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ಮಿಸ್ಟಾರಾದ ಗೆಝೆಟಿಯರ್‌ಗಳು ಈ ತೊಡಕನ್ನು ಬಗೆಹರಿಸಿದ ರೀತಿ ಸರಳ: ಎಲ್ಲ ಪುಸ್ತಕಗಳೂ ಆ ಲೋಕದ ಪಂಚಾಂಗದ 1000ನೇ ವರ್ಷದಲ್ಲಿ ನಿಲ್ಲುತ್ತವೆ. ನಾವೂ ಒಂದು ವರ್ಷ ಆರಿಸಿ ಅದಕ್ಕೆ ಬದ್ಧರಾಗಬೇಕು.

ನಾನು 1766ನ್ನು ಆರಿಸುತ್ತೇನೆ. ಮೂರು ವರ್ಷದ ಹಿಂದೆ, 1763ರಲ್ಲಿ, ಹೈದರ್ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಮಧುಗಿರಿಯಲ್ಲಿ ಸೆರೆಯಿಟ್ಟಿದ್ದ. ಶಿರಾದ ಅಧಿಕಾರಿ ಪಕ್ಷ ಬದಲಿಸುತ್ತಿದ್ದಾನೆ. ಮರುವರ್ಷ ಪೇಶ್ವೆ ಮಾಧವರಾಯನ ದಂಡು ಬಂದು ಮಧುಗಿರಿಯನ್ನು ಗೆದ್ದು ರಾಣಿಯನ್ನು ಬಿಡಿಸುತ್ತದೆ. ಆಕೆ ಮತ್ತೆ ಬಿದನೂರು ನೋಡಲಿಲ್ಲ. ಪುಣೆಗೆ ಕರೆದೊಯ್ಯುವ ದಾರಿಯಲ್ಲೇ ತೀರಿಕೊಂಡಳು. ಈ ಒಂದು ವರ್ಷದಲ್ಲಿ ಏಳು ಮನೆ ಅಂತರದ ಎರಡು ಊರುಗಳ ನಡುವೆ ಎಷ್ಟು ಓಲೆಗಳು, ಎಷ್ಟು ಗೂಢಚಾರರು, ಎಷ್ಟು ಧಾನ್ಯದ ಗಾಡಿಗಳು ಓಡಾಡಿರಬೇಕು! ಮಲೆನಾಡಿನಿಂದ ಬಂದು ಈ ಒಣ ಬಂಡೆಯ ಮೇಲೆ ಕೂತ ಆ ಹೆಂಗಸಿಗೆ ಸುತ್ತಣ ಬಯಲು ಹೇಗೆ ಕಂಡಿತು ಎಂಬುದನ್ನು ಯಾವ ದಾಖಲೆಯೂ ಹೇಳುವುದಿಲ್ಲ. ಅದು ಕಲ್ಪನೆಯ ಪಾಲು. ಕಲ್ಪನೆಗೆ ಅಲ್ಲಿ ಪೂರ್ಣ ಹಕ್ಕಿದೆ, ತನ್ನ ಹೆಸರಿನಲ್ಲಿ ನಿಲ್ಲುವುದಾದರೆ.

ಪಾವಗಡದ ಸಂಗತಿ ಇನ್ನೂ ವಿಚಿತ್ರ. ಈ ತಾಲ್ಲೂಕು ತನ್ನದೇ ಜಿಲ್ಲೆಗೆ ಅಂಟಿಕೊಂಡಿಲ್ಲ. ಪಶ್ಚಿಮಕ್ಕೆ ಚಿತ್ರದುರ್ಗ ಜಿಲ್ಲೆ, ಉಳಿದ ಕಡೆ ಆಂಧ್ರ. ಮಧುಗಿರಿಯಿಂದ ನೇರ ಗೆರೆ ಎಳೆದರೆ ಅದು ಮಡಕಶಿರಾ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ, ಬಸ್ಸೂ ಹಾಗೇ ಹೋಗುತ್ತದೆ. ಶಿರಾ ಕಟ್ಟಿದ ರಂಗಪ್ಪನಾಯಕನ ರತ್ನಗಿರಿ, ನೊಳಂಬರ ರಾಜಧಾನಿ ಹೇಮಾವತಿ ಎರಡೂ ಇಂದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ತಾಲ್ಲೂಕಿನ ಗಡಿಯೊಳಗೇ ನಕ್ಷೆ ನಿಲ್ಲಿಸಿದರೆ ಈ ಸೀಮೆಯ ಚರಿತ್ರೆಯ ಎರಡು ಮುಖ್ಯ ಊರುಗಳು ಕಾಗದದ ಹೊರಗೆ ಉಳಿಯುತ್ತವೆ. ಷಟ್ಕೋನದ ಮನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ನಡೆಯುವ ದಿಕ್ಕಿಗೆ ಅವು ಹರಡುತ್ತ ಹೋಗುತ್ತವೆ. ಮಡಕಶಿರಾ, ರೊಳ್ಳ, ಅಮರಾಪುರಗಳ ಕನ್ನಡಿಗರನ್ನು ಈ ನಕ್ಷೆಯಿಂದ ಹೊರಗಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಒಂದು ಗಂಭೀರ ಆಕ್ಷೇಪವಿದೆ. ಮನೆಗೊಂದೇ ನೆಲದ ಬಗೆ ಎಂಬ ನಿಯಮ ಸಣ್ಣದನ್ನು ನುಂಗಿಹಾಕುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ 798 ಎಕರೆ, ಸುಮಾರು 3.2 ಚದರ ಕಿಲೋಮೀಟರ್. ಹರದಾರಿಯ ಮನೆಯಲ್ಲಿ ಅದು ಆರನೇ ಒಂದು ಪಾಲೂ ಇಲ್ಲ. ನಿಯಮದಂತೆ ಆ ಮನೆಯನ್ನು ‘ಹೊಲ’ ಎಂದು ಬರೆಯಬೇಕು, ಹುಲ್ಲುಗಾವಲು ಮಾಯ, ಕೃಷ್ಣಮೃಗವೂ ಮಾಯ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆಮರಗಳ ಮೇಲೆ. ಅವು ಯಾವ ಮನೆಯ ಲೆಕ್ಕಕ್ಕೂ ಸಿಗುವುದಿಲ್ಲ. ಇದಕ್ಕೆ ಎದುರಾಗಿ ಪಾವಗಡದ ಸೌರ ಪಾರ್ಕ್ ನೋಡಿ. 2,050 ಮೆಗಾವಾಟಿನ ಆ ಯೋಜನೆ ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅಂದರೆ ಹತ್ತಿರಹತ್ತಿರ ಎರಡೂವರೆ ಮನೆ. ಯಾವ ಕಲ್ಪನೆಯ ನಾಡಿನ ನಕ್ಷೆಯಲ್ಲೂ ಗಾಜಿನ ಹೊಲ ಎಂಬ ನೆಲದ ಬಗೆ ಇಲ್ಲ. ನಾವು ಅದಕ್ಕೊಂದು ಗುರುತು ಸೃಷ್ಟಿಸಬೇಕು.

ನೀರಿನ ವಿಷಯದಲ್ಲಂತೂ ಆಕ್ಷೇಪ ಪೂರ್ತಿ ನಿಜ. ಇಲ್ಲಿನ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿ ಸೇರುವ ತನಕ ಇಂಥ ಎಷ್ಟೋ ಕೆರೆಸಾಲುಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಷಟ್ಕೋನದ ಗೆರೆ ಈ ಸಾಲನ್ನು ಮನಬಂದಂತೆ ಕತ್ತರಿಸುತ್ತದೆ. ಹಾಗಾಗಿ ಕೆರೆ, ಕೋಡಿ, ಹಳ್ಳಗಳನ್ನು ಮನೆಗಳ ಮೇಲೆ ಬೇರೆಯೇ ಪದರವಾಗಿ ಎಳೆಯಬೇಕು. ನಡಿಗೆಯ ಲೆಕ್ಕವನ್ನೂ ಬದಲಿಸಬೇಕು. ಆಟದ ನಿಯಮದಲ್ಲಿ ಗುಡ್ಡ ಹೆಚ್ಚು ಹೊತ್ತು ತಿನ್ನುತ್ತದೆ. ಇಲ್ಲಿ ಗುಡ್ಡವನ್ನು ಬಳಸಿ ಹೋಗಬಹುದು, ಬತ್ತಿದ ಕೆರೆಯನ್ನು ಬಳಸಿ ಹೋಗಲಾಗದು. ಒಂದೇ ಮನೆ ಕಾರ್ತೀಕದಲ್ಲಿ ಸುಲಭ, ಚೈತ್ರದಲ್ಲಿ ದುರ್ಗಮ. ಋತುವಿಗೊಂದರಂತೆ ನಡಿಗೆಯ ದರ ಬರೆದ ನಕ್ಷೆ ಮಾತ್ರ ಈ ಸೀಮೆಗೆ ಒಪ್ಪುತ್ತದೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ನನ್ನ ಮಟ್ಟಿಗೆ ಹೆಚ್ಚು ಭಾರದ್ದು. ಈ ಆಟಗಳ ಒಂದು ಜನಪ್ರಿಯ ಬಗೆಯಲ್ಲಿ ನಕ್ಷೆ ಖಾಲಿ ಮನೆಗಳಿಂದ ಶುರುವಾಗುತ್ತದೆ. ಆಟಗಾರರು ಒಳನುಗ್ಗಿ ‘ಕಂಡುಹಿಡಿಯುತ್ತಾರೆ’. ಈ ನೋಟ ನಮಗೆ ಚೆನ್ನಾಗಿ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಾಲಿನ್ ಮೆಕೆಂಜಿ ಮೈಸೂರು ಸರ್ವೆ ಆರಂಭಿಸಿದ. ಅದೇ 1800ರಲ್ಲಿ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಕೋಲಾರದಿಂದ ಮಧುಗಿರಿ ಮಾರ್ಗವಾಗಿ ಶಿರಾಕ್ಕೆ ಬಂದು, ದಿನ ದಿನದ ಮಜಲು, ಬೆಳೆ, ಕಸುಬುಗಳನ್ನು ಬರೆದುಕೊಂಡು ಹೋದ. ಅವನ ಬರಹ ನಮಗೆ ಇಂದಿಗೂ ಬೆಲೆಯುಳ್ಳದ್ದು, ಮಜಲು ಮಜಲಾಗಿ ಬರೆದದ್ದರಿಂದ ನಮ್ಮ ನಕ್ಷೆಗೆ ಮೊದಲ ಆಧಾರವೂ ಅದೇ ಆಗಬಹುದು. ಆದರೆ ಅದು ಗೆದ್ದವರು ಕಳಿಸಿದವನ ಕಣ್ಣು. ಅದೇ ಕಣ್ಣನ್ನು ಆಟದ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ತೊಡಿಸಬಾರದು.

ದಾರಿ ಇದೆ. ಇಲ್ಲಿ ಖಾಲಿ ಮನೆ ಎಂಬುದೇ ಇರಬಾರದು ಎಂಬ ನಿಯಮ ಮಾಡಿಕೊಳ್ಳಬೇಕು. ಈ ಸೀಮೆಯ ಕಾಡುಗೊಲ್ಲರು ಗಣೆಯ ನಾದದ ಜೊತೆ ಹಾಡುವ ಜುಂಜಪ್ಪನ ಕಾವ್ಯವನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ದನಗಾಹಿಯೊಬ್ಬನ ಕಥೆ. ಹುಲ್ಲು ಎಲ್ಲಿ, ನೀರು ಎಲ್ಲಿ, ಹಟ್ಟಿ ಎಲ್ಲಿ ಎಂಬ ಅರಿವಿಲ್ಲದೆ ಅಂಥ ಕಥೆ ಹುಟ್ಟುವುದಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಇಂದಿಗೂ ಜನ ನಡೆದುಕೊಳ್ಳುತ್ತಾರೆ. ಸರ್ವೆಯವರು ಗೋಮಾಳ, ಖರಾಬು ಎಂದು ಬರೆದ ಎಷ್ಟೋ ಜಾಗ ಆ ಹಾಡುವವರಿಗೆ ಹೆಸರಿರುವ ಜಾಗ. ಅಂಥವರನ್ನು ಕೇಳದೆ ತುಂಬಿದ ಮನೆ ಅರ್ಧ ಸುಳ್ಳಾಗುತ್ತದೆ. ಆಟದಲ್ಲಿ ಗೊತ್ತಿಲ್ಲದವರು ಆಟಗಾರರು, ಗೊತ್ತಿರುವವನು ನಡೆಸುವವನು. ನಡೆಸುವವನ ಜಾಗದಲ್ಲಿ ಈ ನೆಲದವರು ಕೂರಬೇಕು.

ಈಗ ಮತ್ತೆ ದಾಖಲೆ, ಊಹೆ, ಕಥೆಗಳನ್ನು ಬೇರೆಬೇರೆಯಾಗಿ ಇಡುವ ಮಾತಿಗೆ ಬರುತ್ತೇನೆ, ನನ್ನ ಒತ್ತಾಯದ ತಿರುಳು ಅದರಲ್ಲಿದೆ. ಮಧುಗಿರಿಯ ಬಗ್ಗೆ ಬರೆದ ಹತ್ತು ಪ್ರವಾಸ ಲೇಖನ ತೆಗೆದು ನೋಡಿ. ‘ಏಷ್ಯಾದ ಎರಡನೇ ಅತಿದೊಡ್ಡ ಏಕಶಿಲಾ ಬೆಟ್ಟ’ ಎಂಬ ಮಾತು ಹೆಚ್ಚಿನವುಗಳಲ್ಲಿ ಇರುತ್ತದೆ. ಅಳೆದವರು ಯಾರು, ಎತ್ತರವನ್ನೋ ಸುತ್ತಳತೆಯನ್ನೋ, ಮೊದಲನೆಯದು ಯಾವುದು ಎಂಬುದು ಇರುವುದಿಲ್ಲ. ಕಳೆದುಹೋದ ಕುರಿಯೊಂದು ನೀರು ತೊಟ್ಟಿಕ್ಕುತ್ತ ಮರಳಿ ಬಂತು, ಬೆಟ್ಟದಲ್ಲಿ ನೀರಿದೆ ಎಂದು ತಿಳಿದು ರಾಜಾ ಹಿರೇಗೌಡ ಕೋಟೆ ಕಟ್ಟಿಸಿದ ಎಂಬುದು ಸರ್ಕಾರಿ ಗೆಝೆಟಿಯರಿನಲ್ಲಿ ಸೇರಿರುವ ಐತಿಹ್ಯ. ಸೊಗಸಾದ ಐತಿಹ್ಯ, ಬಂಡೆಯ ಮೇಲಿನ ದೊಣೆಗಳನ್ನು ಕಂಡವರಿಗೆ ನಂಬಲೂ ತಕ್ಕದ್ದು. ಆದರೂ ಅದು ಐತಿಹ್ಯ. ಅದನ್ನೂ, 1678ರ ಯುದ್ಧವನ್ನೂ, ಸಿನಿಮಾದಿಂದ ಇಳಿದುಬಂದ ಪಾಳೆಯಗಾರರ ಪೌರುಷವನ್ನೂ ಒಂದೇ ದನಿಯಲ್ಲಿ ಹೇಳುವ ಪುಸ್ತಕಗಳನ್ನೇ ನಾವು ಸ್ಥಳೀಯ ಚರಿತ್ರೆ ಎಂದು ಕೊಂಡಾಡುತ್ತಿದ್ದೇವೆ. ಆಧಾರವಿಲ್ಲದೆ ಕೂತಿಲ್ಲ ನಾವು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೇ ಸಂಪುಟವಾಗಿ 1904ರಲ್ಲೇ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಅಚ್ಚು ಹಾಕಿಸಿದರು. ಊರಿನ ಹೆಸರು, ಕಲ್ಲು ಇರುವ ಜಾಗ ಎಲ್ಲ ಅಲ್ಲಿದೆ. ಆ ಸಂಪುಟ ಹಿಡಿದು ಒಂದೊಂದು ಕಲ್ಲನ್ನೂ ಅದರ ಮನೆಗೆ ಸೇರಿಸಿದರೆ ಸಾಕು, ಯಾವ ಮನೆಗೆ ದಾಖಲೆ ದಟ್ಟವಾಗಿದೆ, ಯಾವುದು ಬರಿದಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂಥ ನಕ್ಷೆಯಲ್ಲಿ ಅಜ್ಞಾನ ಮುಚ್ಚಿಡಲಾಗದು. ನಾಲ್ಕು ನೂರು ಪುಟದ ಗದ್ಯದಲ್ಲಿ ಮುಚ್ಚಿಡಬಹುದು.

‘ಹಾಗಾದರೆ ಸಂಶೋಧನೆಯನ್ನೇ ಮಾಡಿ, ಆಟ ಯಾಕೆ?’ ಎಂದು ಕೇಳುವವರಿದ್ದಾರೆ. ಆಟ ಪರೀಕ್ಷೆಗೆ ಒಡ್ಡುತ್ತದೆ, ಅದಕ್ಕೆ. 1766ರ ಚೈತ್ರದಲ್ಲಿ ಶಿರಾದಿಂದ ಮಧುಗಿರಿಗೆ ಇಪ್ಪತ್ತು ಗಾಡಿ ರಾಗಿ ಸಾಗಿಸಬೇಕು ಎಂದು ನಾಲ್ಕು ಜನ ಹುಡುಗ ಹುಡುಗಿಯರ ಮುಂದೆ ನಕ್ಷೆ ಬಿಚ್ಚಿಡಿ. ಎತ್ತಿಗೆ ನೀರು ಯಾವ ಮನೆಯಲ್ಲಿದೆ, ಗಾಡಿ ದಿನಕ್ಕೆ ಎಷ್ಟು ಮನೆ ದಾಟುತ್ತದೆ, ದಾರಿಯ ಹಳ್ಳಿ ಯಾರ ಪಕ್ಷ, ಬೆಟ್ಟದ ಮೇಲಿನವರು ಧೂಳನ್ನು ಎಷ್ಟು ಮುಂಚೆ ಕಾಣುತ್ತಾರೆ ಎಂದು ಅವರು ಕೇಳಲೇಬೇಕಾಗುತ್ತದೆ. ಉತ್ತರವಿಲ್ಲದ ಕಡೆ ಹುಡುಕಲು ಹೋಗುತ್ತಾರೆ. ಇಸವಿ ಬಾಯಿಪಾಠ ಮಾಡಿದವರಿಗೆ ಹೊಳೆಯದ ಪ್ರಶ್ನೆಗಳು ಇವು. ಬೆಂಗಳೂರಿನಲ್ಲಿ ಕೂತು ಈ ಆಟ ಆಡುವ ನಮ್ಮ ಕಡೆಯ ಹುಡುಗರು ಇಂದು ಹಿಮ ಬೀಳುವ ಕಣಿವೆ, ಓಕ್ ಮರದ ಕಾಡುಗಳನ್ನೇ ಬರೆಯುತ್ತ ಕೂರಬೇಕಾಗಿಲ್ಲ. ನಿಡುಗಲ್ಲು, ಪಾವಗಡ, ಮಿಡಿಗೇಶಿ, ಮಧುಗಿರಿ, ಚನ್ನರಾಯನದುರ್ಗ ಎಂದು ಉತ್ತರದಿಂದ ದಕ್ಷಿಣಕ್ಕೆ ಕೋಟೆಗಳ ಸಾಲೇ ಅವರ ಮುಂದಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೈಸ್ಕೂಲು ಮೇಷ್ಟ್ರುಗಳಿಗೆ, ಕಾಲೇಜಿನ ಇತಿಹಾಸ ವಿಭಾಗದವರಿಗೆ, ಆಟ ಆಡುವ ಯುವಕರಿಗೆ ನನ್ನ ಕೋರಿಕೆ ಒಂದೇ. ಇಡೀ ಸೀಮೆಯನ್ನು ಒಮ್ಮೆಗೇ ಬರೆಯಲು ಹೋಗಬೇಡಿ. ನಿಮ್ಮ ಊರು ಬೀಳುವ ಒಂದು ಹರದಾರಿಯ ಮನೆಯನ್ನು ಮೊದಲು ಬರೆಯಿರಿ: ಕೆರೆ, ಕೋಡಿ, ಸಂತೆ, ಗುಂಡುತೋಪು, ವೀರಗಲ್ಲು, ಹಟ್ಟಿ, ಹಳೆಯ ಗಾಡಿದಾರಿ. ದಾಖಲೆ ಇರುವುದನ್ನು ಕಪ್ಪು ಶಾಯಿಯಲ್ಲಿ, ಹಿರಿಯರು ಹೇಳಿದ್ದನ್ನು ನೀಲಿಯಲ್ಲಿ, ನೀವು ಕಲ್ಪಿಸಿದ್ದನ್ನು ಕೆಂಪಿನಲ್ಲಿ ಬರೆಯಿರಿ. ಆಮೇಲೆ ಅದನ್ನು ಪಕ್ಕದ ಊರಿನವರಿಗೆ ಕೊಡಿ, ಅವರು ತಮ್ಮ ಮನೆಯನ್ನು ಅದಕ್ಕೆ ಜೋಡಿಸಲಿ.